ಒತ್ತುವ ಕೈ ನಿಲ್ಲುವ ಹೊತ್ತು

ನಮಸ್ಕಾರ. ಇವತ್ತಿನ ವಿಷಯ ಸ್ವಲ್ಪ ಭಾರದ್ದು. ಊಟಕ್ಕೆ ಕೂತಿದ್ದರೆ ಮುಗಿಸಿಕೊಂಡು ಬನ್ನಿ, ಕಾಯುತ್ತೇನೆ ಅನ್ನಬಹುದಿತ್ತು, ರೇಡಿಯೋದಲ್ಲಿ ಅದೊಂದು ಆಗುವುದಿಲ್ಲ.

ನಾನು ಅರಿವಳಿಕೆ ವೈದ್ಯ, ಜನರ ಬಾಯಲ್ಲಿ ಪ್ರಜ್ಞೆ ತಪ್ಪಿಸುವ ಡಾಕ್ಟ್ರು. ಆಪರೇಷನ್ ಥಿಯೇಟರ್ ಬಿಟ್ಟರೆ ನಮಗೆ ಇನ್ನೊಂದು ಕೆಲಸ ಇದೆ. ಆಸ್ಪತ್ರೆಯಲ್ಲಿ ಯಾರದಾದರೂ ಹೃದಯ ನಿಂತರೆ ನಮಗೂ ಕರೆ ಬರುತ್ತದೆ, ಓಡಬೇಕು. ಹಾರ್ಟ್ ಅಟ್ಯಾಕ್ ಬೇರೆ, ಇದು ಬೇರೆ. ಹಾರ್ಟ್ ಅಟ್ಯಾಕ್‌ನಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ಮನುಷ್ಯ ಎದೆ ಹಿಡಿದುಕೊಂಡು ನಿಮ್ಮ ಜೊತೆ ಮಾತಾಡುತ್ತಿರಬಹುದು. ಹೃದಯ ಸ್ತಂಭನ ಅಂದರೆ ಪಂಪೇ ನಿಂತುಹೋಯಿತು ಅಂತ. ಆಗ ಮಾಡುವುದು ಸಿಪಿಆರ್. ಎದೆಯ ನಡುವೆ ಎರಡೂ ಕೈಯಿಟ್ಟು, ಸುಮಾರು 5 ಸೆಂಟಿಮೀಟರ್ ಒಳಗಿಳಿಯುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು. ಸಿನಿಮಾದಲ್ಲಿ ಮೂರು ಸಲ ಒತ್ತಿದರೆ ಹೀರೋ ಕೆಮ್ಮಿಕೊಂಡು ಎದ್ದು ಕೂರುತ್ತಾನೆ. ನಿಜದಲ್ಲಿ ಎಷ್ಟೋ ಸಲ ಪಕ್ಕೆಲುಬು ಮುರಿಯುತ್ತದೆ, ಮುರಿದದ್ದು ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ, ಆಮೇಲೂ ಹೆಚ್ಚಿನವರು ಏಳುವುದಿಲ್ಲ.

ಹಾಗಾದರೆ ಎಷ್ಟು ಹೊತ್ತು ಒತ್ತಬೇಕು? ಇದಕ್ಕೆ ಗಡಿಯಾರದ ಉತ್ತರ ಇದ್ದಿದ್ದರೆ ನಾನು ಇಲ್ಲಿ ಕೂತು ಮಾತಾಡುವ ಅಗತ್ಯವೇ ಇರಲಿಲ್ಲ. 2012ರಲ್ಲಿ ಅಮೆರಿಕದ 435 ಆಸ್ಪತ್ರೆಗಳ ಲೆಕ್ಕ ತೆಗೆದು ನೋಡಿದರು. ಕೆಲವು ಕಡೆ ಸಾಮಾನ್ಯವಾಗಿ 16 ನಿಮಿಷಕ್ಕೆ ಕೈಬಿಡುತ್ತಿದ್ದರು, ಕೆಲವು ಕಡೆ 25 ನಿಮಿಷದವರೆಗೂ ಪ್ರಯತ್ನ ನಡೆಯುತ್ತಿತ್ತು. ಜಾಸ್ತಿ ಹೊತ್ತು ಬಿಡದೆ ಮಾಡಿದ ಆಸ್ಪತ್ರೆಗಳಲ್ಲಿ ಬದುಕಿದವರು ಸ್ವಲ್ಪ ಜಾಸ್ತಿ. ಅಂದರೆ ಬೇಗ ಕೈ ತೊಳೆದುಕೊಳ್ಳಬಾರದು. ಇನ್ನೊಂದು ಕಡೆ, ಕೆನಡಾದ ಒಂಟಾರಿಯೋದಲ್ಲಿ ಆಂಬ್ಯುಲೆನ್ಸ್‌ನವರಿಗಾಗಿ ಮೂರು ಪ್ರಶ್ನೆಗಳ ಒಂದು ನಿಯಮ ಮಾಡಿ 2006ರಲ್ಲಿ ಪರೀಕ್ಷಿಸಿದರು. ಹೃದಯ ನಿಂತದ್ದು ನಿಮ್ಮ ಕಣ್ಣೆದುರಾ? ಯಾವಾಗಲಾದರೂ ಹೃದಯಕ್ಕೆ ಕರೆಂಟಿನ ಶಾಕ್ ಕೊಡಬೇಕಾಯಿತಾ? ನಾಡಿ ಮರಳಿತಾ? ಮೂರಕ್ಕೂ ಇಲ್ಲ ಎಂದಾದರೆ ನಿಲ್ಲಿಸಬಹುದು. ಹಾಗೆ ಉತ್ತರ ಬಂದ 776 ಜನರಲ್ಲಿ ಬದುಕಿದವರು 4. ಸೊನ್ನೆ ಅಲ್ಲ, ನೋಡಿ. ನಿಲ್ಲಿಸಿ ಅನ್ನುವ ಯಾವ ನಿಯಮದ ಒಳಗೂ ಇಂಥ ನಾಲ್ಕು ಜನ ಇರುತ್ತಾರೆ. ಮಕ್ಕಳು, ನೀರಿಗೆ ಬಿದ್ದು ಮೈ ಕೊರೆದುಹೋದವರು, ವಿಷ ಕುಡಿದವರು, ಇವರ ಲೆಕ್ಕವಂತೂ ಬೇರೆಯೇ.

ಇದು ಮಾಮೂಲಿ ದಿನಗಳ ಮಾತು. ಮಾಮೂಲಿ ದಿನ ಇರುವುದು ಒಂದೇ ಪ್ರಶ್ನೆ: ಈ ಮನುಷ್ಯ ವಾಪಸ್ ಬರುತ್ತಾನಾ? ಮಹಾಮಾರಿ ಬಂದಾಗ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಇವನಿಗಾಗಿ ನಾವು ಇಷ್ಟು ಜನ ಇಲ್ಲಿ ನಿಂತಿರುವಾಗ ಆ ಕಡೆ ಮಂಚದವರ ಗತಿ ಏನು? ಮೊದಲನೆಯದಕ್ಕೆ ಉತ್ತರ ಹೇಳಬೇಕಾದವನು ಮಂಚದ ಪಕ್ಕ ನಿಂತ ಡಾಕ್ಟರು. ಎರಡನೆಯದನ್ನು ಅವನ ತಲೆಗೆ ಕಟ್ಟಬಾರದು ಅನ್ನುವುದು ನನ್ನ ತಕರಾರು. ಅದನ್ನು ತೀರ್ಮಾನ ಮಾಡಬೇಕಾದವರು ಮುಂಚೆಯೇ ಕೂತು, ಬರೆದು, ಕೆಳಗೆ ಸಹಿ ಹಾಕಬೇಕು.

ಎರಡು ಊರಿನ ಕತೆ ಹೇಳುತ್ತೇನೆ, ಕೇಳಿ.

2020ರ ಮಾರ್ಚ್ 1ರಿಂದ ಏಪ್ರಿಲ್ 25ರ ಒಳಗೆ ನ್ಯೂಯಾರ್ಕ್ ನಗರದಲ್ಲಿ ಆಂಬ್ಯುಲೆನ್ಸ್‌ನವರು ಸಿಪಿಆರ್ ಮಾಡಿದ್ದು 3,989 ಜನರಿಗೆ. ಹಿಂದಿನ ವರ್ಷ ಅದೇ ದಿನಗಳಲ್ಲಿ 1,336. ಮೂರು ಪಟ್ಟು! ಏಪ್ರಿಲ್ ಶುರುವಿನಲ್ಲೇ ನಗರದಲ್ಲಿ ಒಂದು ಸೂಚನೆ ಬಂತು: ಎದೆ ಒತ್ತುತ್ತಾ ಆಸ್ಪತ್ರೆಗೆ ತರಬೇಡಿ, ಇದ್ದಲ್ಲೇ ಮಾಡಿ, ನಾಡಿ ಮರಳಿದರೆ ತನ್ನಿ, ಇಲ್ಲದಿದ್ದರೆ ಫೋನಿನಲ್ಲಿರುವ ಡಾಕ್ಟರನ್ನು ಕೇಳಿ. ಇದು ಒಪ್ಪುವ ಮಾತೇ. ಆದರೆ ಅದೇ ತಿಂಗಳ ನಡುವೆ ರಾಜ್ಯದ ಆರೋಗ್ಯ ಇಲಾಖೆ ಒಂದು ಹೆಜ್ಜೆ ಮುಂದೆ ಹೋಗಿ, ನೀವು ತಲುಪಿದಾಗ ನಾಡಿ ಇಲ್ಲದಿದ್ದರೆ ಶುರುವೇ ಮಾಡಬೇಡಿ ಅಂದುಬಿಟ್ಟಿತು. ಆಂಬ್ಯುಲೆನ್ಸ್ ನೌಕರರ ಸಂಘಗಳು ಸಿಟ್ಟಿಗೆದ್ದವು. ಕೆಲವೇ ದಿನಗಳಲ್ಲಿ, ಏಪ್ರಿಲ್ 22ಕ್ಕೆ, ಆ ಆದೇಶ ವಾಪಸ್ ಹೋಯಿತು. ನಾಡಿ ಇಲ್ಲದವರಿಗೇ ಅಲ್ಲವೇ ಸಿಪಿಆರ್ ಇರುವುದು, ನಾಡಿ ಇದ್ದವರಿಗೆ ಯಾರು ಮಾಡುತ್ತಾರೆ?

ಇನ್ನೊಂದು ಲಾಸ್ ಏಂಜಲೀಸ್ ಕೌಂಟಿ, ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಸುಮಾರು ಒಂದು ಕೋಟಿ ಜನರ ಜಾಗ. 2020ರ ಡಿಸೆಂಬರ್ ಹೊತ್ತಿಗೆ ಐಸಿಯು ಭರ್ತಿ, ಆಸ್ಪತ್ರೆಗಳ ಮುಂದೆ ಆಂಬ್ಯುಲೆನ್ಸ್‌ಗಳು ರೋಗಿಯನ್ನು ಒಳಗಿಟ್ಟುಕೊಂಡೇ ಗಂಟೆಗಟ್ಟಲೆ ನಿಂತಿದ್ದವು. 2021ರ ಜನವರಿ 4ರಂದು ಅಲ್ಲಿನ ತುರ್ತು ವೈದ್ಯಕೀಯ ಸೇವೆಯ ಆದೇಶ ಬಂತು, ಅದರ ವೈದ್ಯಕೀಯ ನಿರ್ದೇಶಕಿ ಡಾ. ಮರಿಯಾನ್ ಗೌಶ್-ಹಿಲ್ ಅವರ ಹೆಸರಿನಲ್ಲಿ. 18 ವರ್ಷ ದಾಟಿದವರ ಹೃದಯ ಆಸ್ಪತ್ರೆಯ ಹೊರಗೆ ನಿಂತು, ಸ್ಥಳದಲ್ಲೇ ಪ್ರಯತ್ನ ಮಾಡಿದರೂ ಬಡಿತ ಮರಳದಿದ್ದರೆ ಅಲ್ಲಿಂದ ಸಾಗಿಸುವಂತಿಲ್ಲ. ಆ ಪ್ರಯತ್ನಕ್ಕೆ ಅಲ್ಲಿ ಹಿಡಿದಿದ್ದ ಅಳತೆ ಕನಿಷ್ಠ 20 ನಿಮಿಷ. ಅದರ ಜೊತೆಗೇ ಬಂದ ಇನ್ನೊಂದು ಆದೇಶ ಆಮ್ಲಜನಕವನ್ನು ಅಳೆದು ಕೊಡಿ ಅಂದಿತು, ರಕ್ತದಲ್ಲಿ ಅದರ ಮಟ್ಟ ಶೇಕಡಾ 90ಕ್ಕಿಂತ ಕೆಳಗಿದ್ದವರಿಗೆ ಮಾತ್ರ.

ಸುದ್ದಿ ಹೇಗೆ ಹರಡಿತು ಗೊತ್ತಾ? ಸಾಯುವವರನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರಂತೆ ಅಂತ. ನನಗೂ ವಾಟ್ಸಾಪ್‌ನಲ್ಲಿ ಬಂದಿತ್ತು, ಕೆಳಗೆ ಎರಡು ಅಳುವ ಮುಖದ ಚಿತ್ರ ಬೇರೆ. ನಿಜ ಏನೆಂದರೆ ಇದ್ದಲ್ಲೇ 20 ನಿಮಿಷ ಸರಿಯಾಗಿ ಒತ್ತುವುದು ಗಾಡಿಗೆ ಹಾಕಿಕೊಂಡು ಓಡುವುದಕ್ಕಿಂತ ಎಷ್ಟೋ ಸಲ ಒಳ್ಳೆಯದು. ಓಡುವ ಆಂಬ್ಯುಲೆನ್ಸ್‌ನಲ್ಲಿ, ಪ್ರತಿ ಹಂಪ್‌ಗೆ ತಲೆ ಛಾವಣಿಗೆ ಬಡಿಯುವಾಗ ಎಂಥ ಸಿಪಿಆರ್? 2020ರಲ್ಲೇ ಉತ್ತರ ಅಮೆರಿಕದಲ್ಲಿ ಹೋಲಿಸಿ ನೋಡಿದ್ದರು. ಬಡಿತ ಮರಳುವ ಮೊದಲೇ ಸಾಗಿಸಿದವರಲ್ಲಿ 100ಕ್ಕೆ 4 ಜನ ಬದುಕಿದರೆ, ಅವರಂಥವರೇ ಆಗಿದ್ದು ಸ್ಥಳದಲ್ಲೇ ಚಿಕಿತ್ಸೆ ಪಡೆದವರಲ್ಲಿ 8.5. ಹಾಗಾಗಿ ನ್ಯೂಯಾರ್ಕ್ ರಾಜ್ಯದ ಆದೇಶ ಮತ್ತು ಲಾಸ್ ಏಂಜಲೀಸ್ ಆದೇಶ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಒಂದು ಶುರು ಮಾಡಬೇಡ ಅನ್ನುತ್ತದೆ. ಇನ್ನೊಂದು ಪೂರ್ತಿ ಮಾಡು, ಆಮೇಲೆ ನಿಲ್ಲಿಸು, ನಿಲ್ಲಿಸಿದ್ದಕ್ಕೆ ನಾವು ಹೊಣೆ ಅನ್ನುತ್ತದೆ.

ಕೋವಿಡ್ ಆದವರಿಗೆ ಸಿಪಿಆರ್ ಮಾಡಿ ಏನೂ ಪ್ರಯೋಜನ ಇಲ್ಲ ಅನ್ನುವ ಮಾತೂ ಆಗ ಓಡಾಡುತ್ತಿತ್ತು, ನಮ್ಮವರೇ ಆಡುತ್ತಿದ್ದರು. ಅದಕ್ಕೆ ಕಾರಣ ಇತ್ತು. ವುಹಾನ್‌ನಿಂದ ಮೊದಲು ಬಂದ ಲೆಕ್ಕದಲ್ಲಿ 136 ಜನರಿಗೆ ಪ್ರಯತ್ನ ಮಾಡಿ, 30 ದಿನದ ನಂತರ ಉಳಿದವರು 4 ಜನ. ಆದರೆ ಆಮೇಲೆ ಅಮೆರಿಕದ ಐಸಿಯುಗಳ ಲೆಕ್ಕ ಬಂತು. 400 ಜನರಿಗೆ ಸಿಪಿಆರ್, ಬದುಕಿ ಆಸ್ಪತ್ರೆಯಿಂದ ಹೊರಬಂದವರು 48. ಅದರಲ್ಲೂ 45ರ ಒಳಗಿನವರಲ್ಲಿ 100ಕ್ಕೆ 21, 80 ದಾಟಿದವರಲ್ಲಿ 3. ಒಂದೇ ರೋಗ, ಎಷ್ಟು ವ್ಯತ್ಯಾಸ ನೋಡಿ. ಕಾಯಿಲೆಯ ಹೆಸರು ಕೇಳಿ ಕೈಬಿಡುವುದು ಸೋಮಾರಿತನ.

ಇಷ್ಟೆಲ್ಲಾ ಜೋರಾಗಿ ಹೇಳುತ್ತಿದ್ದೇನೆ, ನನ್ನದೂ ಒಂದು ರಾತ್ರಿ ಹೇಳಿಬಿಡುತ್ತೇನೆ.

2021ರ ಮೇ ತಿಂಗಳು. ನಮ್ಮ ರಾಜ್ಯದ್ದೇ ಒಂದು ಆಸ್ಪತ್ರೆ, ಕೋವಿಡ್ ವಾರ್ಡ್. ಐವತ್ತೆಂಟು ವರ್ಷದವರೊಬ್ಬರ ಹೃದಯ ನಿಂತಿತು. ಪಿಪಿಇ ಕಿಟ್ ಹಾಕಿಕೊಳ್ಳುವುದಕ್ಕೇ ನಿಮಿಷಗಳು ಹೋಗುತ್ತವೆ, ಕಿಟ್ ಇಲ್ಲದೆ ಒಳಗೆ ಹೋಗುವಂತಿಲ್ಲ. ಎದೆ ಒತ್ತುವಾಗ ವೈರಸ್ ಗಾಳಿಗೆ ಹಾರುತ್ತದಾ ಇಲ್ಲವಾ ಅಂತ ಬ್ರಿಟನ್ನಿನ ತಜ್ಞರೇ ಎರಡು ಗುಂಪಾಗಿ ಜಗಳವಾಡುತ್ತಿದ್ದ ಕಾಲ, ನಾವೆಲ್ಲಿ ರಿಸ್ಕ್ ತಗೊಳ್ಳೋಣ? ಬೇರೆ ದಿನವಾಗಿದ್ದರೆ ಆರು ಜನ ಇರುತ್ತಿದ್ದೆವು. ಆವತ್ತು ಮೂವರು. ಎರಡೆರಡು ನಿಮಿಷಕ್ಕೆ ಕೈ ಬದಲಿಸುತ್ತಿದ್ದೆವು, ಗ್ಲೌಸಿನ ಒಳಗೆ ಬೆವರು ತುಂಬಿ ಚಪಚಪ ಅನ್ನುತ್ತಿತ್ತು, ಕನ್ನಡಕ ಮಂಜು. "ಸರ್, ಇಪ್ಪತ್ತು ಆಯ್ತು" ಅಂದರು ಸಿಸ್ಟರ್. ಮಾನಿಟರ್‌ನಲ್ಲಿ ನೇರ ಗೆರೆ. ನನಗೆ ಗೊತ್ತಿತ್ತು. ಆದರೂ ನಿಲ್ಲಿಸಿ ಅಂತ ಬಾಯಿಗೆ ಬರಲಿಲ್ಲ, ಯಾಕೆಂದರೆ ಎಷ್ಟಕ್ಕೆ ನಿಲ್ಲಿಸಬೇಕು ಅಂತ ನಮಗೆ ಯಾರೂ ಬರೆದು ಕೊಟ್ಟಿರಲಿಲ್ಲ. ಬದುಕುವ ಭರವಸೆ ಇಲ್ಲದ ರೋಗಿಗೆ ಸಿಪಿಆರ್ ಬೇಡ ಎಂದು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳುವ ಬಗ್ಗೆ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2020ರಲ್ಲಿ ಮಾರ್ಗಸೂಚಿ ತಂದಿತ್ತು, ಒಳ್ಳೆಯ ಕೆಲಸ. ಆದರೆ ಅದು ಮೊದಲನೆಯ ಪ್ರಶ್ನೆಗೆ. ಮೂವರು ಇದ್ದು, ವಾರ್ಡ್ ತುಂಬಾ ರೋಗಿಗಳಿದ್ದಾಗ ಏನು ಮಾಡಬೇಕು ಅನ್ನುವುದು ಅದರಲ್ಲಿ ಬರುವುದಿಲ್ಲ.

ನಾವು ಒತ್ತುತ್ತಲೇ ಇದ್ದೆವು. ಆ ಹೊತ್ತಿಗೆ ನಾಲ್ಕನೇ ಮಂಚದ ಅಜ್ಜಿಯ ಆಮ್ಲಜನಕದ ಮಾಸ್ಕ್ ಜಾರಿತ್ತು. ಅದನ್ನು ನೋಡಿದ್ದು ನಾವು ಮೂವರಲ್ಲಿ ಯಾರೂ ಅಲ್ಲ, ಪಕ್ಕದ ಮಂಚದ ಹುಡುಗ. ತನ್ನ ಮಾಸ್ಕ್ ತೆಗೆದು "ಅಜ್ಜಿ, ಅಜ್ಜಿ" ಅಂತ ಕೂಗಿದ. ಅಜ್ಜಿ ಉಳಿದರು, ನಮ್ಮ ಪುಣ್ಯ. ಆ ಕೂಗು ಕೇಳಿದ ಮೇಲೆ ನಾನು ನಿಲ್ಲಿಸಿದೆ.

ಹೊರಗೆ ಬಂದು, ಕಿಟ್ ಬಿಚ್ಚಿ, ತೀರಿಹೋದವರ ಮಗನಿಗೆ ಫೋನ್ ಮಾಡಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಎಷ್ಟು ಹೊತ್ತು ಟ್ರೈ ಮಾಡಿದ್ರಿ ಸರ್?"

"ಮೂವತ್ನಾಲ್ಕು ನಿಮಿಷ" ಅಂದೆ.

ಫೋನ್ ಪಕ್ಕಕ್ಕೆ ಹಿಡಿದು ಮನೆಯೊಳಗೆ ಹೇಳಿದ್ದು ನನಗೆ ಕೇಳಿಸಿತು. "ಅಮ್ಮಾ, ಮೂವತ್ನಾಲ್ಕು ನಿಮಿಷ ಮಾಡಿದ್ರಂತೆ."