ಚಿತ್ರಕಲಾ ಪದವಿ ಕೈಗೆ ಬಂದ ಮೇಲೆ

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ ಚಿತ್ರಕಲೆ ಕಲಿಯಲು ಜಾಗಕ್ಕೆ ಬರವಿಲ್ಲ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ ಇದೆ, ಕಲಾನಿಕೇತನ ಇದೆ, ರವಿವರ್ಮ ಚಿತ್ರಕಲಾ ಶಾಲೆ ಇದೆ. ಕಷ್ಟ ಶುರುವಾಗುವುದು ಹೊರಬಂದ ಮೇಲೆ. ಕೊನೆಯ ವರ್ಷದ ಪ್ರದರ್ಶನ ಮುಗಿದು ಫಲಿತಾಂಶ ಬಂತೆಂದರೆ ಅಚ್ಚಿನ ಪ್ರೆಸ್ಸು, ಮಣ್ಣು ಸುಡುವ ಗೂಡು, ದೊಡ್ಡ ಕಿಟಕಿಯ ಕೋಣೆ, ತಪ್ಪನ್ನು ಮುಖದ ಮೇಲೆ ಹೇಳುವ ಮೇಷ್ಟ್ರು, ಎಲ್ಲವೂ ಒಟ್ಟಿಗೇ ಕೈಬಿಟ್ಟುಹೋಗುತ್ತವೆ. ಒಳ್ಳೆಯ ಕೈ ಇದ್ದವರೂ ಎರಡೇ ವರ್ಷದಲ್ಲಿ ಕುಂಚ ಕೆಳಗಿಡುವುದು ಹೀಗೆ.

ಮೊದಲು ಬೇಕಾದ್ದು ಜಾಗ. ನಾಲ್ಕೈದು ಮಂದಿ ಸೇರಿ ಒಂದು ಮನೆಯನ್ನೋ ಶೆಡ್ಡನ್ನೋ ಬಾಡಿಗೆಗೆ ಹಿಡಿಯುವುದು ಒಬ್ಬೊಬ್ಬರೇ ಒದ್ದಾಡುವುದಕ್ಕಿಂತ ಎಷ್ಟೋ ಮೇಲು. ಉತ್ತರಕ್ಕೆ ಕಿಟಕಿ ಇದ್ದರೆ ಬೆಳಕು ದಿನವಿಡೀ ಹೆಚ್ಚು ಬದಲಾಗದು. ಕೊರೆದ ಲೋಹದ ತಟ್ಟೆಯಿಂದ ಚಿತ್ರ ಅಚ್ಚೊತ್ತುವ ಎಚ್ಚಿಂಗ್ ಪ್ರೆಸ್ ಇಡುವುದಾದರೆ ನೆಲಮಹಡಿಯೇ ಆಗಬೇಕು, ಅದರ ಭಾರ ಅಷ್ಟಿರುತ್ತದೆ. ದೊಡ್ಡ ವಿದ್ಯುತ್ ಗೂಡಿಗೆ ತ್ರೀ ಫೇಸ್ ಬೇಕಾಗುತ್ತದೆ. ಮುಂಗಡ ಕೊಡುವ ಮೊದಲೇ ಮೀಟರ್ ನೋಡಿಕೊಳ್ಳಿ. ತಾಮ್ರದ ತಟ್ಟೆ ಕೊರೆಯಲು ನೈಟ್ರಿಕ್ ಆಮ್ಲದ ಬದಲು ಫೆರಿಕ್ ಕ್ಲೋರೈಡ್ ಬಳಸಿದರೆ ವಿಷಹೊಗೆಯ ಕಾಟ ತಪ್ಪುತ್ತದೆ, ಆದರೆ ಬಳಸಿದ ದ್ರಾವಣವನ್ನು ಮೋರಿಗೆ ಸುರಿಯಬಾರದು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಆ ಎಣ್ಣೆ ಗಾಳಿಯೊಡನೆ ಸೇರಿ ತಾನೇ ಬಿಸಿಯಾಗಿ, ಕಿಡಿಯಿಲ್ಲದೆಯೂ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡಿ.

ಜಾಗ ಸಿಕ್ಕಿತು, ಕೆಲಸವೂ ಬಂತು ಎನ್ನೋಣ. ಈಗ ಬೇಕಾದ್ದು ಒಪ್ಪಂದದ ಕಾಗದ. ಚಿತ್ರಕಾರ ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ ಅವನೀಂದ್ರನಾಥ ಠಾಕೂರರ ಬಳಿ ಕಲಿಯಲು ಕಳಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅರಮನೆಗೆ ಉಬ್ಬುಚಿತ್ರಗಳನ್ನು ಮಾಡಿಸಿದವರೂ ಅವರೇ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸದ ವಿಚಾರ ಕೋರ್ಟಿನ ಮೆಟ್ಟಿಲೇರಿತು. ಅಷ್ಟು ದೊಡ್ಡ ಕಲಾವಿದರಿಗೇ ಹಾಗಾದ ಮೇಲೆ, ಹೊಸಬರು ಬರೀ ಬಾಯಿಮಾತು ನಂಬಿ ಕುಂಚ ಅದ್ದಬಾರದು.

ಒಂದೇ ಪುಟ ಸಾಕು. ಅಳತೆ, ಮಾಧ್ಯಮ, ಮುಗಿಸುವ ದಿನ, ಮೊತ್ತ. ಅರ್ಧ ಹಣ ಮುಂಗಡ, ಕರಡು ರೇಖಾಚಿತ್ರ ಒಪ್ಪಿದಾಗ ಕಾಲುಭಾಗ, ಚಿತ್ರ ಒಪ್ಪಿಸುವಾಗ ಉಳಿದದ್ದು. ಕರಡು ಒಪ್ಪಿದ ಮೇಲೆ ಎರಡು ಸಲ ತಿದ್ದಿಕೊಡುತ್ತೇವೆ, ಮೂರನೆಯದಕ್ಕೆ ಬೇರೆ ಹಣ ಎಂದೂ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾದ ಸಾಲು ಕೃತಿಸ್ವಾಮ್ಯದ್ದು, ಅಂದರೆ ಕಾಪಿರೈಟಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಕೃತಿಸ್ವಾಮ್ಯ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರಿಗೇ ಹೋಗುತ್ತದೆ. ಶಿಲ್ಪ ಆ ಪಟ್ಟಿಯಲ್ಲಿಲ್ಲ. ‘ಕೃತಿಸ್ವಾಮ್ಯ ಕಲಾವಿದರದೇ’ ಎಂದು ಬರೆದು ಇಬ್ಬರೂ ಸಹಿ ಹಾಕಿದರೆ, ನಾಳೆ ನಿಮ್ಮ ಚಿತ್ರ ಕ್ಯಾಲೆಂಡರಿನಲ್ಲಿ ಅಚ್ಚಾದಾಗ ಕೇಳುವ ಹಕ್ಕು ನಿಮ್ಮದಾಗಿರುತ್ತದೆ. ಮೊದಲ ಹಕ್ಕುದಾರರು ನೀವೇ ಆಗಿದ್ದು, ಮೂಲಚಿತ್ರ ಮುಂದೆಂದಾದರೂ 10,000 ರೂಪಾಯಿ ಮೀರಿದ ಬೆಲೆಗೆ ಮರುಮಾರಾಟವಾದರೆ 53ಎ ಕಲಮು ನಿಮಗೂ ಒಂದು ಪಾಲು ಕೊಡುತ್ತದೆ, ಶೇಕಡಾ 10 ಮೀರದಂತೆ. ಅದಕ್ಕೇ ಮಾರಿದ ಪ್ರತಿಯೊಂದು ಚಿತ್ರಕ್ಕೂ ಬಿಲ್ಲಿನ ನಕಲು ಇಟ್ಟುಕೊಳ್ಳಿ.

ಗೋಡೆಚಿತ್ರ ಒಪ್ಪಿಕೊಳ್ಳುವವರು ಮೊದಲು ಗೋಡೆ ಮುಟ್ಟಿ ನೋಡಬೇಕು. ಹೊಸ ಸಿಮೆಂಟ್ ಗಾರೆ ಕನಿಷ್ಠ 28 ದಿನ ಒಣಗಲಿ. ಇಲ್ಲದಿದ್ದರೆ ಅದರ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಬಚ್ಚಲ ಪಕ್ಕದ ಗೋಡೆಯ ತೇವಕ್ಕೆ ಯಾವ ಪ್ರೈಮರೂ ಮದ್ದಲ್ಲ, ಸೋರಿಕೆ ನಿಲ್ಲಿಸಿದ ಮೇಲೇ ಕೆಲಸ ಹಿಡಿಯಿರಿ. ಸಾರುವೆ ಕಟ್ಟುವ ಖರ್ಚು ಯಾರದೆಂದು ಅದೇ ಒಂದು ಪುಟದಲ್ಲಿರಲಿ.

ಬೆಲೆ ಹೇಳಲು ಹೊಸಬರು ನಾಚುತ್ತಾರೆ. ಚದರ ಅಂಗುಲದ ಲೆಕ್ಕ ಇಟ್ಟುಕೊಂಡರೆ ಆ ಮುಜುಗರ ಇರದು. 24ಕ್ಕೆ 36 ಅಂಗುಲದ ಕ್ಯಾನ್ವಾಸ್ ಎಂದರೆ 864 ಚದರ ಅಂಗುಲ. ಅಂಗುಲಕ್ಕೆ 10 ರೂಪಾಯಿ ಹಿಡಿದರೆ 8,640, ಚೌಕಟ್ಟು ಬೇರೆ. ಮನೆಯಲ್ಲೊಂದು ದರ, ಗ್ಯಾಲರಿಯಲ್ಲೊಂದು ದರ ಮಾಡಬೇಡಿ. ಗ್ಯಾಲರಿಗಳು ಕಮಿಷನ್ ಹಿಡಿಯುತ್ತವೆ, ಅದನ್ನು ಮೊದಲೇ ಸೇರಿಸಿ ದರ ಕಟ್ಟಿ. ಕೊಳ್ಳುವವರಲ್ಲೂ ಒಂದು ವಿನಂತಿ: ಬಟ್ಟೆಯಂಗಡಿಯಲ್ಲಿ ಕೇಳದ ರಿಯಾಯಿತಿಯನ್ನು ಇಪ್ಪತ್ತೆರಡರ ಹುಡುಗಿಯ ಮುಂದೆ ಕೇಳಬೇಡಿ.

ಚಿತ್ರ ಸಾಗಿಸುವಾಗ ಬಬಲ್ ಹಾಳೆಯನ್ನು ನೇರವಾಗಿ ಬಣ್ಣದ ಮೇಲೆ ಸುತ್ತಿದರೆ ಬಿಸಿಲಿಗೆ ಗುಳ್ಳೆಗಳ ಗುರುತು ಅಚ್ಚೊತ್ತುತ್ತದೆ. ನಡುವೆ ಗ್ಲಾಸಿನ್ ಎಂಬ ನುಣುಪು ಕಾಗದ ಇರಲಿ. ಕ್ಯಾನ್ವಾಸ್ ಸುರುಳಿ ಸುತ್ತಲೇಬೇಕಾದರೆ ಬಣ್ಣದ ಮೈ ಹೊರಗಿರುವಂತೆ, ದಪ್ಪ ಪಿವಿಸಿ ಪೈಪಿನ ಮೇಲೆ ಸುತ್ತಿ.

ನೆರವಿನ ವಿಷಯ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. 25 ದಾಟಿ 40ರೊಳಗಿದ್ದವರಿಗೆ ಕಿರಿಯ ಫೆಲೋಶಿಪ್, ತಿಂಗಳಿಗೆ 10,000. ಇಂಥ ಕಡೆ ಒಳ್ಳೆಯ ಚಿತ್ರವೂ ಕೆಟ್ಟ ಫೋಟೋದಿಂದಾಗಿ ಹಿಂದೆ ಬೀಳುತ್ತದೆ. ಗಾಜು ತೆಗೆದು, ನೆರಳಿರುವ ವರಾಂಡದಲ್ಲಿ ಚಿತ್ರವನ್ನು ನೆಟ್ಟಗೆ ನಿಲ್ಲಿಸಿ. ಮೊಬೈಲ್ ಚಿತ್ರದ ನಡುಮಟ್ಟಕ್ಕೆ ಸರಿಯಾಗಿರಲಿ. ಹತ್ತಿರ ಹೋದರೆ ಅಂಚು ಬಾಗುತ್ತದೆ, ಹಿಂದೆ ಸರಿದು ಎರಡು ಪಟ್ಟು ಝೂಮ್‌ನಲ್ಲಿ ತೆಗೆಯಿರಿ. ಎದುರಿನ ಗೋಡೆಗೆ ಹಸಿರೋ ಗುಲಾಬಿಯೋ ಬಣ್ಣ ಬಳಿದಿದ್ದರೆ ಅದು ಚಿತ್ರಕ್ಕೂ ಬಡಿಯುತ್ತದೆ. ಅಂಥಲ್ಲಿ ಎದುರಿಗೊಂದು ಬಿಳಿ ಪಂಚೆ ಇಳಿಬಿಟ್ಟರಾಯಿತು. ನಮಸ್ಕಾರ.