ಬ್ರಾಕ್ ಅವರ ಒಂಬತ್ತು ಗೆಲುವುಗಳು ಲೆಕ್ಕಕ್ಕಿಲ್ಲವೇ?

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಕಾರ್ ರೇಸ್ ಚಾಲಕ ಪೀಟರ್ ಬ್ರಾಕ್ ಅವರನ್ನು ನಾನು ಮನಸಾರೆ ಹೊಗಳಿದ್ದಕ್ಕೆ ವೀಕ್ಷಕರೊಬ್ಬರು ಆ ದೇಶದ ಟೂರಿಂಗ್ ಕಾರ್ (ರಸ್ತೆ ಕಾರುಗಳ ಮಾದರಿಯ ರೇಸ್ ಕಾರು) ಚಾಂಪಿಯನ್‌ಷಿಪ್‌ನ ಸಾರ್ವಕಾಲಿಕ ಗೆಲುವುಗಳ ಪಟ್ಟಿಯನ್ನು ಕಳುಹಿಸಿ, "ಜೇಮೀ ವಿನ್‌ಕಪ್ 120ಕ್ಕೂ ಹೆಚ್ಚು ರೇಸು ಗೆದ್ದಿದ್ದಾರೆ, ಕ್ರೇಗ್ ಲೌಂಡ್ಸ್ ನೂರು ದಾಟಿದ್ದಾರೆ, ನಿಮ್ಮ ಬ್ರಾಕ್ ಅದರ ಅರ್ಧಕ್ಕೂ ಬಂದಿಲ್ಲ" ಎಂದು ಬರೆದಿದ್ದಾರೆ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಬ್ರಾಕ್ 1972ರಿಂದ 1987ರವರೆಗೆ ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾ ಬೆಟ್ಟದ ಟ್ರ್ಯಾಕಿನಲ್ಲಿ, ಒಂದೇ ಕಾರನ್ನು ಚಾಲಕರು ಸರದಿಯಲ್ಲಿ ಓಡಿಸುವ, ಆ ದೇಶದ ಅತಿ ದೊಡ್ಡ ರೇಸನ್ನು ಒಂಬತ್ತು ಸಲ ಗೆದ್ದರು. ಆ ಒಂಬತ್ತರಲ್ಲಿ ಒಂದೂ ಈ ಪಟ್ಟಿಯಲ್ಲಿಲ್ಲ. ಏಕೆಂದರೆ ಬ್ಯಾಥರ್ಸ್ಟ್ ರೇಸು ಚಾಂಪಿಯನ್‌ಷಿಪ್‌ನೊಳಗೆ ಸೇರಿದ್ದೇ 1999ರಲ್ಲಿ. ಲೌಂಡ್ಸ್ 1996ರಲ್ಲಿ ಅಲ್ಲಿ ಗೆದ್ದದ್ದು ಲೆಕ್ಕಕ್ಕಿಲ್ಲ, ಅದೇ ಲೌಂಡ್ಸ್ ಅದೇ ಬೆಟ್ಟದ ಮೇಲೆ 2006ರಲ್ಲಿ ವಿನ್‌ಕಪ್ ಜೊತೆಗೂಡಿ ಗೆದ್ದದ್ದು ಇಬ್ಬರ ಖಾತೆಗೂ ಜಮೆಯಾಗುತ್ತದೆ. ಆ ವರ್ಷ ಅವರ ಕೈಗೆ ಬಂದ ಟ್ರೋಫಿಯ ಹೆಸರೇ ಪೀಟರ್ ಬ್ರಾಕ್ ಟ್ರೋಫಿ! ಬ್ರಾಕ್ ತೀರಿಕೊಂಡು ಆಗ ಒಂದು ತಿಂಗಳಾಗಿತ್ತಷ್ಟೆ. ಟ್ರೋಫಿ ಎತ್ತಿದವರ ಗೆಲುವು ಎಣಿಕೆಗೆ ಬರುತ್ತದೆ, ಆ ಟ್ರೋಫಿ ಯಾರ ಹೆಸರಿನಲ್ಲಿದೆಯೋ ಅವರ ಒಂಬತ್ತು ಗೆಲುವುಗಳು ಬರುವುದಿಲ್ಲ ಎಂದರೆ ಏನು ಹೇಳೋಣ?

"ನಿಯಮ ನಿಯಮವೇ, ಚಾಂಪಿಯನ್‌ಷಿಪ್ ಬೇರೆ, ಬ್ಯಾಥರ್ಸ್ಟ್ ಬೇರೆ" ಎನ್ನುವವರಿದ್ದಾರೆ. ಹಾಗಾದರೆ ಆ ಪಟ್ಟಿಗೆ ಸಾರ್ವಕಾಲಿಕ ಎಂಬ ಹೆಸರೇಕೆ? 1960ರಿಂದ 1968ರವರೆಗೆ ವರ್ಷಕ್ಕೆ ಒಂದೇ ಒಂದು ರೇಸು ನಡೆದು ಅದರಲ್ಲೇ ಚಾಂಪಿಯನ್ ಯಾರೆಂದು ತೀರ್ಮಾನವಾಗುತ್ತಿತ್ತು. ಇಯಾನ್ ಗೇಗನ್ ತಮ್ಮ ಐದು ಪಟ್ಟಗಳಲ್ಲಿ ನಾಲ್ಕನ್ನು ಹಾಗೆ ನಾಲ್ಕೇ ರೇಸುಗಳಲ್ಲಿ ಪಡೆದರು. 2019ರಲ್ಲಾದರೋ ಸ್ಕಾಟ್ ಮೆಕ್‌ಲಾಫ್ಲಿನ್ ಒಂದೇ ವರ್ಷದಲ್ಲಿ 18 ರೇಸು ಗೆದ್ದು, 1996ರಿಂದ ಲೌಂಡ್ಸ್ ಹೆಸರಿನಲ್ಲಿದ್ದ 16 ಗೆಲುವುಗಳ ದಾಖಲೆಯನ್ನು ಮುರಿದರು. ಅವರ ಸಾಮರ್ಥ್ಯದ ಬಗ್ಗೆ ನನ್ನ ತಕರಾರಿಲ್ಲ, ವಿನ್‌ಕಪ್ ಅವರ ಏಳು ಪಟ್ಟಗಳ ಬಗ್ಗೆಯೂ ಇಲ್ಲ. ವರ್ಷಕ್ಕೊಂದು ರೇಸಿದ್ದ ಕಾಲವನ್ನೂ ಮೂವತ್ತು ರೇಸುಗಳ ಕಾಲವನ್ನೂ ಒಂದೇ ತಕ್ಕಡಿಗೆ ಹಾಕುವುದರ ಬಗ್ಗೆ ಇದೆ.

1979ರ ಬ್ಯಾಥರ್ಸ್ಟ್ ನೋಡಿ. ಬ್ರಾಕ್ ಜಿಮ್ ರಿಚರ್ಡ್ಸ್ ಜೊತೆಗೂಡಿ ಓಡಿಸಿದ ಟೊರಾನಾ ಕಾರು ಆರು ಲ್ಯಾಪ್ (ಟ್ರ್ಯಾಕಿನ ಸುತ್ತು) ಮುಂದಿತ್ತು. ನಿಧಾನವಾಗಿ ಓಡಿಸಿಕೊಂಡು ಬಂದಿದ್ದರೂ ಗೆಲುವು ಕೈತಪ್ಪುತ್ತಿರಲಿಲ್ಲ. ಆದರೂ ಬ್ರಾಕ್ 163ನೆಯ ಲ್ಯಾಪಿನಲ್ಲಿ, ಅಂದರೆ ಕಟ್ಟಕಡೆಯ ಲ್ಯಾಪಿನಲ್ಲಿ, ಅತಿ ವೇಗದ ಸುತ್ತಿನ ದಾಖಲೆ ಮಾಡಿದರು. ಇದೂ ಪಟ್ಟಿಯಲ್ಲಿಲ್ಲ! ಆ ರೇಸಿನ ಬಗ್ಗೆಯೇ ಮುಂದಿನ ಭಾನುವಾರ ಪೂರ್ತಿ ಸಂಚಿಕೆ ಮಾಡುತ್ತಿದ್ದೇನೆ, ಚಾನೆಲ್‌ಗೆ ಚಂದಾದಾರರಾಗಿ, ತಪ್ಪದೆ ನೋಡಿ.

ಒಂಬತ್ತು ಸಲ ಗೆದ್ದವರು ಇನ್ನೊಬ್ಬರಿಲ್ಲ. ನೀವು ಇನ್ನೂ ಹತ್ತು ಪಟ್ಟಿ ಕಳುಹಿಸಿದರೂ ನಾನು ಬ್ರಾಕ್ ಹೆಸರನ್ನೇ ಮೊದಲು ಹೇಳುತ್ತೇನೆ.