ಕೇಳುವುದು ಎಂಬ ಕೆಲಸ

(ತಾಲ್ಲೂಕು ಕೇಂದ್ರವೊಂದರಲ್ಲಿ ರೋಟರಿ ಸೇವಾಸಂಸ್ಥೆಯ ಯುವ ವಿಭಾಗಗಳಾದ ಇಂಟರಾಕ್ಟ್ ಮತ್ತು ರೋಟರಾಕ್ಟ್ ಕ್ಲಬ್‌ಗಳ ಪದಗ್ರಹಣ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಈಗಷ್ಟೇ ಕೊರಳಪಟ್ಟಿ ತೊಟ್ಟು ಅದರ ಭಾರಕ್ಕೆ ಕತ್ತು ತುಸು ಬಾಗಿಸಿ ಕುಳಿತಿರುವ ಹೊಸ ಅಧ್ಯಕ್ಷರೇ, ಮಕ್ಕಳೇ, ಮಕ್ಕಳನ್ನು ಕರೆತಂದಿರುವ ತಂದೆತಾಯಿಯರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಸಮಾಜ ಸೇವಕರು' ಎಂದು ಅಚ್ಚಾಗಿದೆ. ಅದನ್ನು ತಿದ್ದಬೇಕು. ನಾನು ಬ್ಯಾಂಕಿನ ನಗದು ಕೌಂಟರಿನ ಹಿಂದೆ ಮೂವತ್ತು ವರ್ಷಕ್ಕೂ ಮೀರಿ ಕುಳಿತವನು. ಕ್ಲಬ್ಬಿನಲ್ಲಿ ನನಗೆ ಸಿಕ್ಕಿದ್ದು ಒಂದೇ ಹುದ್ದೆ, ಖಜಾಂಚಿಯದು. ಅಧ್ಯಕ್ಷರಾಗಲು ಪೈಪೋಟಿ ಇರುತ್ತದೆ, ಖಜಾಂಚಿಯಾಗಲು ಯಾರೂ ಮುಂದೆ ಬರುವುದಿಲ್ಲ. ಹೀಗಾಗಿ ನಾನು ಸೇವೆಯನ್ನು ವೇದಿಕೆಯ ಕಡೆಯಿಂದ ನೋಡಿದ್ದು ಕಡಿಮೆ, ರಸೀದಿ ಪುಸ್ತಕದ ಕಡೆಯಿಂದ ನೋಡಿದ್ದೇ ಹೆಚ್ಚು. ಇಂದಿನ ಮಾತೂ ಅಲ್ಲಿಂದಲೇ ಬರುತ್ತದೆ.

ನಮ್ಮ ಭಾಷೆಯಲ್ಲಿ 'ಕೇಳು' ಎಂಬ ಕ್ರಿಯಾಪದವಿದೆ. ಚಂದಾ ಕೇಳುತ್ತೇವೆ, ಪ್ರಶ್ನೆ ಕೇಳುತ್ತೇವೆ, ಒಬ್ಬರ ಕಷ್ಟ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ. ಬಾಯಿಯ ಕೆಲಸಕ್ಕೂ ಕಿವಿಯ ಕೆಲಸಕ್ಕೂ ಒಂದೇ ಮಾತು. ನಮ್ಮಂಥ ಕ್ಲಬ್ಬುಗಳಲ್ಲಿ ಬಾಯಿ ಚೆನ್ನಾಗಿ ದುಡಿಯುತ್ತದೆ. ಕಿವಿಗೆ ಕೆಲಸ ಕೊಡುವುದನ್ನು ನಾವು ಹಿರಿಯರು ಮರೆಯುತ್ತೇವೆ. ನೀವು ಮರೆಯಬಾರದು ಎಂಬ ಆಸೆಯಿಂದ ಒಂದೆರಡು ಹಳೆಯ ಸಂಗತಿ ಹೇಳುತ್ತೇನೆ.

1905ರ ಫೆಬ್ರುವರಿ 23ರಂದು ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಪರಿಚಯದವರ ಜೊತೆ ಕುಳಿತು ಒಂದು ಕೂಟ ಶುರು ಮಾಡಿದ. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಈ ಸಲ ಒಬ್ಬರ ಕಚೇರಿಯಲ್ಲಿ, ಮುಂದಿನ ಸಲ ಇನ್ನೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಸರದಿ ಎಂಬ ಅರ್ಥದಲ್ಲಿ 'ರೋಟರಿ' ಎಂಬ ಹೆಸರು ಬಂತು. ಆಗ ಅವರ ತಲೆಯಲ್ಲಿ ಸಮಾಜಸೇವೆ ಇರಲಿಲ್ಲ, ಇದನ್ನು ಹೇಳಲು ಸಂಕೋಚ ಬೇಡ. ದೊಡ್ಡ ಊರಿನಲ್ಲಿ ನಾಲ್ಕು ಜನ ಸ್ನೇಹಿತರು ಬೇಕು, ಒಬ್ಬರಿಂದೊಬ್ಬರಿಗೆ ವ್ಯಾಪಾರವೂ ಆಗಬೇಕು, ಅಷ್ಟೇ. ಸೇವೆ ಬಂದದ್ದು 1907ರಲ್ಲಿ. ಬಂದದ್ದಾದರೂ ಏನು? ಷಿಕಾಗೋದ ಜನನಿಬಿಡ ಪ್ರದೇಶದಲ್ಲಿ ಸಾರ್ವಜನಿಕ ಶೌಚಾಲಯ.

ಅದಕ್ಕೆ ವಿರೋಧವೂ ಬಂತು. ಶೌಚಾಲಯ ನಮ್ಮ ಮದ್ಯದಂಗಡಿಗಳಲ್ಲೇ ಇದೆಯಲ್ಲ ಎಂದರು ಬಿಯರ್ ತಯಾರಕರು. ಹೆಂಗಸರಿಗೆ ನಮ್ಮ ಮಳಿಗೆಗಳಲ್ಲಿ ಇದೆಯಲ್ಲ ಎಂದರು ದೊಡ್ಡ ಅಂಗಡಿಗಳವರು. ಒಳಗೆ ಹೋದವರು ಏನಾದರೂ ಕೊಳ್ಳದೆ ಹೊರಬರುವುದು ಕಷ್ಟವಲ್ಲವೇ, ಅವರ ಲೆಕ್ಕ ಅದು. ಆದರೂ ಕೆಲಸ ನಡೆಯಿತು. ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿದ ಸಂಸ್ಥೆಯೊಂದರ ಮೊದಲ ಸೇವೆ ಶೌಚಾಲಯ ಎಂಬುದನ್ನು ನಮ್ಮ ಪದಗ್ರಹಣಗಳಲ್ಲಿ ಯಾರೂ ಹೇಳುವುದಿಲ್ಲ. ಊಟಕ್ಕೆ ಮುಂಚೆ ಹೇಳುವ ಮಾತಲ್ಲ ಎಂದಿರಬಹುದು. ನಾನು ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಕಾರಣ ಆಮೇಲೆ ತಿಳಿಯುತ್ತದೆ.

ಲಯನ್ಸ್ ಸಂಸ್ಥೆಯದು ಇನ್ನೊಂದು ಬಗೆ. ಅದು ಹುಟ್ಟಿದ್ದು 1917ರಲ್ಲಿ. ಎಂಟು ವರ್ಷದ ನಂತರ, 1925ರ ಜೂನ್ 30ರಂದು, ಒಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಅವರ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದರು. ಕಣ್ಣೂ ಕಾಣದ, ಕಿವಿಯೂ ಕೇಳದ ಆ ಹೆಣ್ಣುಮಗಳು, ಅಂಧರ ಪರವಾಗಿ ಹೋರಾಡುವ ವೀರರಾಗುವಿರಾ ಎಂದು ಕೇಳಿದರು. ಇವರು ಕೇಳಿಸಿಕೊಂಡರು. ಇಂದು ನಮ್ಮ ಊರೂರಲ್ಲಿ ಲಯನ್ಸ್ ಹೆಸರಿನ ಕಣ್ಣಿನ ತಪಾಸಣೆ ಶಿಬಿರ ನಡೆಯುವುದರ ಬೇರು ಆ ಒಂದು ದಿನದಲ್ಲಿದೆ. ಕಣ್ಣಿನ ಶಿಬಿರ ಎಂದ ಕೂಡಲೇ ನನ್ನ ತಲೆಮಾರಿನವರಿಗೆ ನೆನಪಾಗುವುದು ಮಾತ್ರ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ, ಆಸ್ಪತ್ರೆಯನ್ನೇ ರೋಗಿಯ ಊರಿಗೆ ಹೊತ್ತೊಯ್ದವರು.

ಹಣ ಕೇಳುವುದನ್ನು ನಮಗೆ ಷಿಕಾಗೋದವರು ಕಲಿಸಬೇಕಿರಲಿಲ್ಲ, ಅದೂ ನಿಜ. ನಿಮ್ಮ ಅಜ್ಜಂದಿರನ್ನು ವಿಚಾರಿಸಿ, ಯಾರಾದರೊಬ್ಬರು ವಾರಾನ್ನ ಉಂಡು ಓದಿದವರು ಇದ್ದೇ ಇರುತ್ತಾರೆ. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಊರು ಸೇರಿ ಒಬ್ಬ ಹುಡುಗನನ್ನು ಓದಿಸುವ ವ್ಯವಸ್ಥೆ ಅದು. ಎಷ್ಟೋ ವಿದ್ಯಾರ್ಥಿನಿಲಯಗಳು ಮನೆಮನೆಯ ಮುಷ್ಟಿ ಅಕ್ಕಿಯಿಂದ ನಡೆದವು. ಶಾಲೆಯ ಚಾವಣಿಗೆಂದು 'ಸಹಾಯಾರ್ಥ' ನಾಟಕ, 'ಸಹಾಯಾರ್ಥ' ಯಕ್ಷಗಾನ ಆಡಿಸುತ್ತಿದ್ದರು. ಹಿಡಿ ಅಕ್ಕಿ ಕೊಟ್ಟ ಹೆಂಗಸಿಗೆ ಆ ಅಕ್ಕಿ ಯಾರ ಎಲೆಗೆ ಬಿತ್ತು ಎಂಬುದು ಗೊತ್ತಿರುತ್ತಿತ್ತು. ನಮ್ಮ ಕಾಲದ ರಸೀದಿ ಮಾಡಬೇಕಾದ ಕೆಲಸವನ್ನು ಆಗ ಪರಿಚಯವೇ ಮಾಡುತ್ತಿತ್ತು.

ಇನ್ನು ನಿಮ್ಮ ವಿಷಯ. ಹೈಸ್ಕೂಲು, ಪಿಯುಸಿ ವಯಸ್ಸಿನವರ ಇಂಟರಾಕ್ಟ್ ಆರಂಭವಾದದ್ದು 1962ರಲ್ಲಿ. ಆ ವರ್ಷ ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದವರು ಕೋಲ್ಕತ್ತದ ನಿತೀಶ್ ಲಾಹಿರಿ, ಆ ಹುದ್ದೆಗೇರಿದ ಮೊದಲ ಭಾರತೀಯರು. ಹದಿನೆಂಟು ದಾಟಿದವರ ರೋಟರಾಕ್ಟ್ 1968ರಲ್ಲಿ ಬಂತು. ಲಯನ್ಸ್‌ನವರ ಲಿಯೋ ಕ್ಲಬ್ ಇವೆರಡಕ್ಕಿಂತ ಹಳೆಯದು, 1957ರದ್ದು. ಇಷ್ಟು ಸಾಕು, ಕ್ವಿಜ್‌ನಲ್ಲಿ ಕೇಳಿದರೆ ಉತ್ತರಿಸಬಹುದು.

ಈಗ ನಮ್ಮದೇ ತಪ್ಪಿನ ಕಥೆ. ಕೆಲವು ವರ್ಷದ ಹಿಂದೆ ನಮ್ಮ ಕ್ಲಬ್ಬಿನ ಯುವಕರು ಒಂದು ಸರ್ಕಾರಿ ಶಾಲೆಗೆ ನೆರವಾಗಲು ರಸಮಂಜರಿ ಇಟ್ಟುಕೊಂಡರು. ಟಿಕೆಟ್ ಪುಸ್ತಕ ಹಿಡಿದು ಅಡಿಕೆ ಮಂಡಿ, ಔಷಧಿ ಅಂಗಡಿ, ವಕೀಲರ ಕಚೇರಿ ಎಲ್ಲ ಸುತ್ತಿದರು. ಸೇರಿದ ಹಣ ಎಂಬತ್ತಾರು ಸಾವಿರ. ಶಾಮಿಯಾನ, ಧ್ವನಿವರ್ಧಕ, ಜನರೇಟರ್, ಗಾಯಕರ ಸಂಭಾವನೆ, ಅತಿಥಿಗಳಿಗೆ ಶಾಲು, ಹಾರ, ನೆನಪಿನ ಕಾಣಿಕೆ, ರಾತ್ರಿ ಊಟ. ಎಲ್ಲ ಕಳೆದು ನನ್ನ ಮೇಜಿನ ಮೇಲೆ ಉಳಿದದ್ದು ಮೂರು ಸಾವಿರದ ನೂರು ರೂಪಾಯಿ. ಒಂದು ರೂಪಾಯಿಯನ್ನೂ ಯಾರೂ ಜೇಬಿಗೆ ಹಾಕಿಕೊಂಡಿರಲಿಲ್ಲ. ಪ್ರತಿಯೊಂದಕ್ಕೂ ಬಿಲ್ಲಿತ್ತು. ಪ್ರಾಮಾಣಿಕವಾಗಿಯೇ ಹಣವನ್ನು ಹೀಗೆ ಮುಳುಗಿಸಬಹುದು ಎಂದು ನನಗೆ ಅಂದು ಗೊತ್ತಾಯಿತು. ಜನ ಶಾಲೆಗೆಂದು ಕೊಟ್ಟಿದ್ದರು, ನಾವು ಶಾಲಿಗೆ ಕೊಟ್ಟಿದ್ದೆವು.

ಮರುವರ್ಷ ಬಂದ ಇಂಟರಾಕ್ಟ್ ತಂಡದಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ಇದ್ದಳು. ಅವಳು ಹಣದ ಮಾತಿಗೆ ಮೊದಲು ಅದೇ ಶಾಲೆಗೆ ಹೋದಳು. ನಾವು ಹಿರಿಯರು ಹಿಂದೆ ಹೋಗಿದ್ದಾಗ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕುಳಿತು ಚಹಾ ಕುಡಿದು, ಡೆಸ್ಕು ಬೇಕೋ ನೀರಿನ ಫಿಲ್ಟರ್ ಬೇಕೋ ಎಂದು ಕೇಳಿ ಬಂದಿದ್ದೆವು. ಇವಳು ಊಟದ ಬಿಡುವಿನಲ್ಲಿ ಎಂಟನೇ ತರಗತಿಯ ಹುಡುಗಿಯರ ಜೊತೆ ಮರದ ಕೆಳಗೆ ಕುಳಿತಳು. ಎರಡು ದಿನ ಏನನ್ನೂ ಹೇಳದ ಮಕ್ಕಳು ಮೂರನೆಯ ದಿನ ಹೇಳಿದರು: ಶೌಚಾಲಯದ ಬಾಗಿಲಿಗೆ ಒಳಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಮುಟ್ಟಿನ ದಿನಗಳಲ್ಲಿ ಮುಚ್ಚಳವಿರುವ ಒಂದು ಬುಟ್ಟಿಯೂ ಇಲ್ಲ, ಹಾಗಾಗಿ ಆ ದಿನಗಳಲ್ಲಿ ಕೆಲವರು ಶಾಲೆಗೇ ಬರುವುದಿಲ್ಲ. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ, ಅವರ ಕಿವಿಗೆ ಇದು ಬಿದ್ದೇ ಇರಲಿಲ್ಲ. ಸಫಾರಿ ತೊಟ್ಟು ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು ಹೋದ ನಮಗೆ ಆ ಮಕ್ಕಳು ಹತ್ತು ವರ್ಷ ಕಳೆದರೂ ಹೇಳುತ್ತಿರಲಿಲ್ಲ. ಯುವ ಕ್ಲಬ್ಬುಗಳು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೊಡುವ ಉತ್ತರ ಇದೇ.

ಆ ತಂಡ ಹಣ ಕೂಡಿಸಿದ್ದು ರದ್ದಿಯಿಂದ. ನಾಲ್ಕು ಭಾನುವಾರ, ಬೀದಿಗೆ ಇಬ್ಬರಂತೆ. ಹಳೆಯ ಪತ್ರಿಕೆ, ರಟ್ಟು, ಮುಗಿದ ನೋಟುಪುಸ್ತಕ. ಮನೆಯೆದುರೇ ತೂಕ ಹಾಕಿ ಚೀಟಿ ಬರೆದುಕೊಟ್ಟರು. ಹಗ್ಗ ಮತ್ತು ಒಂದು ದಿನದ ಆಟೋ ಬಾಡಿಗೆ ಬಿಟ್ಟರೆ ಖರ್ಚಿಲ್ಲ. ಚಿಲಕ, ಬುಟ್ಟಿ, ನಲ್ಲಿ, ತೊಟ್ಟಿಯಿಂದ ಕೊಳವೆ ಎಲ್ಲ ಆದಮೇಲೂ ಹಣ ಉಳಿಯಿತು. ಲೆಕ್ಕವನ್ನು ಬಸ್ ನಿಲ್ದಾಣದ ಹತ್ತಿರ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ನಿಲ್ಲಿಸಿದರು. ಚಿಲಕ ಆರು, ಇಷ್ಟು ರೂಪಾಯಿ. ಜನ ನಿಂತು ಓದುತ್ತಿದ್ದರು. ಒಬ್ಬ ಹಾರ್ಡ್‌ವೇರ್ ಅಂಗಡಿಯವರು, ಚಿಲಕಕ್ಕೆ ನಿಮ್ಮಿಂದ ಹೆಚ್ಚು ತೆಗೆದುಕೊಂಡಿದ್ದಾರೆ, ಮುಂದಿನ ಸಲ ನಮ್ಮಲ್ಲಿ ಬನ್ನಿ ಎಂದು ಜಗಳಕ್ಕೇ ಬಂದರು. ಲೆಕ್ಕ ಓದಿ ಜಗಳಕ್ಕೆ ಬರುವಷ್ಟು ಜನ ಹತ್ತಿರವಾದದ್ದು ನಮ್ಮ ಕ್ಲಬ್ಬಿನ ಇತಿಹಾಸದಲ್ಲಿ ಅದೇ ಮೊದಲು.

ಖಜಾಂಚಿಯ ಬುದ್ಧಿ ಸುಮ್ಮನಿರುವುದಿಲ್ಲ, ಒಂದಿಷ್ಟು ಕಟ್ಟುನಿಟ್ಟಿನ ಮಾತು ಹೇಳಿಬಿಡುತ್ತೇನೆ. ಹಣ ಕೇಳಲು ಒಬ್ಬರೇ ಹೋಗಬೇಡಿ. ಕ್ಯೂಆರ್ ಕೋಡ್ ಕ್ಲಬ್ಬಿನ ಖಾತೆಯದಾಗಿರಲಿ, ಕಾರ್ಯದರ್ಶಿಯ ಸ್ವಂತ ಮೊಬೈಲಿನದಲ್ಲ. ಡಬ್ಬಿಗೆ ಮೊಹರು ಹಾಕಿ, ಅದೇ ಸಂಜೆ ಇಬ್ಬರ ಎದುರು ಒಡೆದು ಎಣಿಸಿ, ಮರುದಿನ ಬ್ಯಾಂಕಿಗೆ ಕಟ್ಟಿ. ದೊಡ್ಡ ಮೊತ್ತ ಕೊಡುವವರು ಆದಾಯ ತೆರಿಗೆಯ 80ಜಿ ರಿಯಾಯಿತಿಯ ಬಗ್ಗೆ ವಿಚಾರಿಸುತ್ತಾರೆ. ಅದು 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ, ಅದರಲ್ಲೂ ನಗದು ಎರಡು ಸಾವಿರ ರೂಪಾಯಿ ದಾಟಿದರೆ ರಿಯಾಯಿತಿ ಸಿಗುವುದಿಲ್ಲ. ಗೊತ್ತಿಲ್ಲದೆ 'ಸಿಗುತ್ತದೆ ಸರ್' ಎಂದು ಹೇಳಿ ಬರಬೇಡಿ.

ಸ್ವಾತಂತ್ರ್ಯ ದಿನದ ಹಣ್ಣು ಹಂಪಲಿನ ಬಗ್ಗೆಯೂ ಒಂದು ಮಾತು. ಒಂದು ವರ್ಷ ಆಗಸ್ಟ್ 15ರಂದು ಆಸ್ಪತ್ರೆಯ ಒಂದೇ ವಾರ್ಡಿಗೆ ಮೂರು ಸಂಘದವರು ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದೆವು. ಒಂದು ಬಾಳೆಹಣ್ಣು, ಅದನ್ನು ಹಿಡಿದ ಹನ್ನೊಂದು ಕೈ, ಎದುರಿಗೆ ಛಾಯಾಗ್ರಾಹಕ. ಮಲಗಿದ್ದ ಅಜ್ಜನೊಬ್ಬ, ನನಗೆ ಸಕ್ಕರೆ ಕಾಯಿಲೆ ಕಣಪ್ಪ ಎಂದ. ಮೂರೂ ಸಂಘಕ್ಕೆ ಅದನ್ನೇ ಹೇಳಿದ್ದನಂತೆ.

ರಕ್ತದಾನಕ್ಕೂ ಇದೇ ರೋಗ ತಗುಲಿದೆ. ಆಗಸ್ಟಿನಲ್ಲಿ, ಗಾಂಧಿ ಜಯಂತಿಗೆ, ನಾಯಕರ ಹುಟ್ಟುಹಬ್ಬಕ್ಕೆ ಶಿಬಿರದ ಮೇಲೆ ಶಿಬಿರ. ಸಾಮಾನ್ಯ ಚೀಲದಲ್ಲಿ ರಕ್ತ ಕೆಡದೆ ಉಳಿಯುವುದು 35 ದಿನ, ಅದರಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಐದೇ ದಿನ. ಕಾಲೇಜುಗಳಿಗೆ ರಜೆ ಬಿದ್ದ ಬೇಸಿಗೆಯಲ್ಲಿ ಕೊಡುವವರೇ ಇರುವುದಿಲ್ಲ, ಹೆರಿಗೆಗೂ ಅಪಘಾತಕ್ಕೂ ರಜೆ ಇರುವುದಿಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹದಿನೆಂಟು ತುಂಬದ ಇಂಟರಾಕ್ಟ್ ಮಕ್ಕಳು ರಕ್ತ ಕೊಡುವಂತಿಲ್ಲ, ಆದರೆ ಯಾರ ಸರದಿ ಯಾವ ತಿಂಗಳು ಎಂದು ಪಟ್ಟಿ ಇಟ್ಟುಕೊಂಡು ಏಪ್ರಿಲ್, ಮೇ ತಿಂಗಳಲ್ಲಿ ಫೋನ್ ಮಾಡಬಹುದು. ಅದಕ್ಕೆ ವೇದಿಕೆ ಬೇಡ, ಹಾರ ಬೇಡ. ಫೋಟೊ ಬರುವುದಿಲ್ಲ ಎಂಬುದೊಂದೇ ಕಷ್ಟ.

ಪೋಲಿಯೊ ಕೆಲಸವನ್ನು ಹೇಳದೆ ಮುಗಿಸಲಾರೆ. ರೋಟರಿ 1985ರಲ್ಲಿ ಕೈಗೆತ್ತಿಕೊಂಡದ್ದು, ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು. ಎರಡು ಹನಿ, ಎಡಗೈ ಕಿರುಬೆರಳಿಗೆ ಮಸಿ. ಬೂತಿಗೆ ಬಾರದ ಮಕ್ಕಳ ಮನೆಗೆ ನಾವು ಮರುದಿನ ಹೋಗುತ್ತಿದ್ದೆವು. ಒಂದು ಓಣಿಯಲ್ಲಿ ಒಬ್ಬ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ಮೊಮ್ಮಗುವಿಗೆ ಜ್ವರ ಬಂದಾಗ ನಿಮ್ಮಲ್ಲಿ ಒಬ್ಬರೂ ಬರಲಿಲ್ಲ, ಈಗ ಕೇಳದೆಯೇ ಐದು ಜನ ಬಂದಿದ್ದೀರಿ, ಯಾಕೆ ಎಂದಳು. ನನ್ನ ಜೊತೆಯವರು ಪೋಲಿಯೊ ಎಂದರೇನು ಎಂದು ವಿವರಿಸಲು ಶುರು ಮಾಡಿದರು. ನಮ್ಮ ಜೊತೆಗಿದ್ದ ಆಶಾ ಕಾರ್ಯಕರ್ತೆ ಮಾತ್ರ ಜಗುಲಿಯ ಮೇಲೆ ಕುಳಿತು, ಯಾವಾಗ ಜ್ವರ ಬಂದಿತ್ತಮ್ಮ ಎಂದು ಕೇಳಿದಳು. ಅರ್ಧ ಗಂಟೆ ಆ ಜ್ವರದ ಕಥೆ ನಡೆಯಿತು. ಆಮೇಲೆ ಅಜ್ಜಿಯೇ ಮಗುವಿನ ಬಾಯಿ ತೆರೆಸಿದಳು. ಭಾರತದಲ್ಲಿ ಕಾಡು ಪೋಲಿಯೊ, ಎಂದರೆ ಸಹಜವಾಗಿ ಹರಡುವ ವೈರಸ್ಸಿನ ಪೋಲಿಯೊ, ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿ 13ರಂದು, ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಭಾರತವಿರುವ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅಂದು ಕ್ಲಬ್ಬಿನಲ್ಲಿ ಸಿಹಿ ಹಂಚಿದೆವು. ಆ ಕಾರ್ಯಕರ್ತೆಯನ್ನು ಕರೆಯಲು ನಮಗೆ ನೆನಪಾಗಲಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳುಹಿಸುತ್ತಿದ್ದಾರೆ, ಊಟ ಆರುತ್ತಿದೆಯಂತೆ. ಕೊನೆಯದಾಗಿ ವ್ಯವಹಾರದ ಮಾತು. ಮುಂದಿನ ಭಾನುವಾರದ ರದ್ದಿ ಸಂಗ್ರಹದಲ್ಲಿ ನಮ್ಮ ಬೀದಿಯೂ ಇದೆ ಎಂದು ಕೇಳಿದೆ. ನನ್ನ ಮನೆಯ ಅಟ್ಟದಲ್ಲಿ ಎರಡು ವರ್ಷದ ಪತ್ರಿಕೆಗಳಿವೆ, ತೆಗೆದುಕೊಂಡು ಹೋಗಿ. ಬೆಳಿಗ್ಗೆ ಒಂಬತ್ತರ ನಂತರ ಬನ್ನಿ, ತಕ್ಕಡಿ ನೀವೇ ತನ್ನಿ, ಚೀಟಿ ಪುಸ್ತಕ ಮರೆಯಬೇಡಿ. ಚೀಟಿ ಕೊಡದವರಿಗೆ ನಾನು ಗೇಟು ತೆರೆಯುವುದಿಲ್ಲ. ನಾಯಿಯನ್ನು ಮಾತ್ರ ಕಟ್ಟಿಹಾಕಿರುತ್ತೇನೆ.